ಮದ್ದು

ಹೊಳೆ ಸೇತುವೆ ಮೇಲೆ ಹತ್ತಿದೆ. ಶಾಲೆಗೆ ರಜೆ.
ಮಗಳು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾಳೆ:
ದಂಗೆಗೆ ಕಾರಣಗಳು.
ರಾಜಕೀಯ. ಆರ್ಥಿಕ. ಸೈನಿಕ.
ತಕ್ಷಣದ ಕಾರಣ, ಕೊಬ್ಬು ಸವರಿದ ತೋಟಾ.
ನಾಲ್ಕು ಅಂಕ.

ನಾನು ಹರಿಗೋಲಿನ ತಳಕ್ಕೆ ಡಾಂಬರು ಸವರುತ್ತಿದ್ದೇನೆ.
ಈಗ ತೊಗಲಿಲ್ಲ, ಗೊಬ್ಬರದ ಚೀಲ ಹೊಲಿದ ಹೊದಿಕೆ.
ಬಿದಿರು ಮಾತ್ರ ಅದೇ ಬಿದಿರು,
ಬೆರಳಿಗೆ ಸಿಬಿರು ಚುಚ್ಚುವ ಜಾಗವೂ ಅದೇ.

ಕಂಪ್ಲಿಯ ಕಡವನ್ನು ಕಂಪನಿ ಹರಾಜಿಗಿಟ್ಟಿತ್ತಂತೆ.
ಕೂಗಿ ಹಿಡಿದವನು ಬಳ್ಳಾರಿಯ ಸಾಹುಕಾರ,
ಈಜು ಬಾರದವನು.
ಅಂದಿನಿಂದ ಹರಿಗೋಲು ನಮ್ಮದು, ಹುಟ್ಟು ನಮ್ಮದು,
ಹುಟ್ಟು ಮುಳುಗುವ ನೀರು ಅವನದು.
ಅಂಬಿಗರ ಸುಂಕ್ಲವ್ವ,
ಹೆಸರಿನಲ್ಲೇ ಸುಂಕ ಹೊತ್ತವಳು,
ದಾಟಿದ್ದಕ್ಕೊಂದು ದುಡ್ಡು, ದಾಟಿಸಿದ್ದಕ್ಕೊಂದು ದುಡ್ಡು ಕೊಟ್ಟಳು,
ಒಂದು ವರ್ಷ.

ಆಮೇಲೆ ಡಂಗುರ: ಆಯುಧವಿದ್ದವರು ತಂದೊಪ್ಪಿಸಿ.
ಬೇಡರು ಕೋವಿ ತಂದಿಟ್ಟು ತಿರುಗಿ ನೋಡದೆ ಹೋದರು.
ತೊಗಲು ಸೀಳುವ ಅವಳ ಚೂರಿಯನ್ನೂ ಬರಕೊಂಡರು:
ಚೂರಿ ಒಂದು. ಹಿಡಿ ಮುರಿದದ್ದು.
ಹಿಡಿ ಮುರಿದದ್ದು ಗಂಡ ಮಡುವಿನ ಪಾಲಾದ ದಿನ,
ಅದನ್ನು ಬರೆಯಲು ಆ ಪುಸ್ತಕದಲ್ಲಿ ಮನೆ ಇರಲಿಲ್ಲ.

ಹೊಳೆಯಾಚೆ, ಕೊಪ್ಪಳದ ಕೋಟೆಯಲ್ಲಿ
ಯಾರೋ ಎದ್ದಿದ್ದಾರೆ ಎಂಬ ಸುದ್ದಿ ಬಂತು.
ಕೋವಿಗಳಿವೆ, ಹೊಟ್ಟೆಗಿಲ್ಲ ಅವಕ್ಕೆ.

ಉಪ್ಪಾರ ಗಾಳೆವ್ವ ಹಳೆ ಗೋಡೆಯ ಬುಡ ಕೆರೆದಳು.
ಉಪ್ಪಿನ ಕರ ಬಂದು ಒಲೆ ಆರಿದ ಮನೆಯವಳು,
ಅದೇ ಒಲೆಯಲ್ಲಿ ಸವಳು ನೀರು ಕುದಿಸಿ ಬಿಳಿ ಹರಳು ತೆಗೆದಳು.
ಜಾಲಿ ಇದ್ದಿಲು ಕುಟ್ಟಿದವರ ಹೆಸರು ನನ್ನಜ್ಜಿಗೂ ಮರೆತಿತ್ತು.
ಪಿಂಜಾರ ಹುಸೇನಪ್ಪ ಗಾದಿ ಹೊಲಿದ,
ಅರಳೆಯ ನಡುವೆ ಕರಿ ಪುಡಿ,
ಬಸುರಿಯ ಹಾಸಿಗೆಯಷ್ಟು ಮೆತ್ತಗೆ.

ಕೋಟೆ ಬಾಗಿಲಲ್ಲಿ ಪೇದೆ ತಡೆದ. ತೆಲುಗಿನವನು.
ಏನದು?
ಮದ್ದು, ಅಂದಳು ಸುಂಕ್ಲವ್ವ.
ಯಾರಿಗೆ?
ಆಚೆ ದಡದಲ್ಲಿ ಹೆರಿಗೆ ಕಷ್ಟ ಆಗೈತಿ.
ಮಂದು, ಮಂದು, ಎಂದು ತಲೆಯಾಡಿಸಿ ಬಿಟ್ಟ.
ಅವನ ಮಾತಿನಲ್ಲೂ ಅದಕ್ಕೆ ಎರಡು ಅರ್ಥ,
ಅವನಿಗೆ ಹೊಳೆದದ್ದು ಒಂದು.
ನನ್ನಜ್ಜಿ ಇಲ್ಲಿಗೆ ಬಂದಾಗೆಲ್ಲ ಎಲೆಯಡಿಕೆ ಉಗಿದು ಹೇಳುತ್ತಿದ್ದಳು:
ಸುಳ್ಳು ಹೇಳಲಿಲ್ಲ ನೋಡು ಆಕಿ.

ಬೇಸಿಗೆಯ ಹೊಳೆ, ಬಂಡೆಗಳ ನಡುವೆ ಮೊಣಕಾಲುದ್ದ.
ಕಾವಲೆಲ್ಲ ಆ ತೆಳು ನೀರಿಗೆ.
ಅವಳು ದಾಟಿದ್ದು ಮೊಸಳೆ ಮಡುವಿನಲ್ಲಿ,
ಗಂಡನ ನೆತ್ತಿಯ ಮೇಲೆ,
ಹುಟ್ಟಿಗೆ ಬಟ್ಟೆ ಸುತ್ತಿಕೊಂಡು, ಮೂರು ರಾತ್ರಿ.

ನಾಲ್ಕನೆಯ ರಾತ್ರಿ ಆಚೆ ದಡದಲ್ಲಿ ಯಾರೂ ಇರಲಿಲ್ಲ.
ಕೋಟೆ ಬಿದ್ದಿತ್ತು.
ಗಾದಿಯನ್ನು ಮರಳಿ ತರುವಂತಿಲ್ಲ, ಬಿಟ್ಟು ಬರುವಂತಿಲ್ಲ.
ನಡುಮಡುವಿನಲ್ಲಿ ಹಲ್ಲಿನಿಂದ ಹೊಲಿಗೆ ಕಿತ್ತಳು,
ಚೂರಿ ಕಚೇರಿಯಲ್ಲಿತ್ತಲ್ಲ,
ಮುಷ್ಟಿ ಮುಷ್ಟಿಯಾಗಿ ನೀರಿಗೆ ಸುರಿದಳು.
ಬೆಳಗಿನ ತನಕ ಅರಳೆ ತೇಲಿತಂತೆ ಬಂಡೆಗಳ ಸುತ್ತ,
ಹೊಳೆಗೆ ನರೆ ಬಂದ ಹಾಗೆ.

ಆಮೇಲೆ ಏನಾದಳು?
ಏನೂ ಆಗಲಿಲ್ಲ. ಮಕ್ಕಳನ್ನು ಸಾಕಿದಳು.
ಸಾಹುಕಾರನಿಗೆ ಸುಂಕ ಕೊಟ್ಟಳು, ಸಾಯುವ ತನಕ,
ಎರಡೂ ದುಡ್ಡು.
ಮುದುಕಿಯ ಬಾಯಿ ಕಡೆಗೂ ಕಹಿಯಂತೆ,
ಬೆಲ್ಲ ಇಟ್ಟರೂ ಉಗಿಯುತ್ತಿದ್ದಳು.

ಮಗಳು ಪುಸ್ತಕ ಮಡಚಿದ್ದಾಳೆ.
ಅವ್ವಾ, ಇದನ್ನ ಬರೆದರೆ ಅಂಕ ಕೊಡ್ತಾರಾ?
ಕೊಡಲ್ಲ. ತೋಟಾ ಅಂತಲೇ ಬರಿ.

ಡಾಂಬರು ಇನ್ನೂ ಹಸಿ.
ಅವಳು ಎದ್ದು ಬಂದು, ಕೇಳದೆ,
ಹರಿಗೋಲಿನ ಇನ್ನೊಂದು ಅಂಚು ಹಿಡಿದು ಎತ್ತುತ್ತಾಳೆ.
ತೂತು ಎಲ್ಲಿದೆ ಎಂದು ಇಬ್ಬರೂ
ಬೆಳಕಿಗೆ ಹಿಡಿದು ನೋಡುತ್ತೇವೆ.